ಸೆಲೆನಿಯಂ: ಮಂಡಿ ಬಿಲ್ಲಿನ ಸಾಫ್ಟ್‌ವೇರ್‌ ಜೊತೆ ನಾಲ್ಕು ವರ್ಷ ಬಳಸಿದ ಮೇಲೆ

ದಾವಣಗೆರೆ ಎಪಿಎಂಸಿಯ ದಲಾಲರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಐದು ಜನರ ತಂಡ ನಮ್ಮದು. ಟೆಸ್ಟಿಂಗ್‌ಗೆ ಇರುವವಳು ನಾನೊಬ್ಬಳೇ. ಮೊದಲೆಲ್ಲ ಹೊಸ ಆವೃತ್ತಿ ಬಿಡುವ ಮುನ್ನ ಎರಡು ದಿನ ಕೂತು ಮೆಕ್ಕೆಜೋಳದ ಚೀಲ, ತೂಕ, ಹಮಾಲಿ, ದಲಾಲಿ ಅಂತ ಅದೇ ಬಿಲ್ಲನ್ನು ಹತ್ತಾರು ಬಗೆಯಲ್ಲಿ ಹೊಡೆದು ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತು, ಎದುರಿಗಿದ್ದ ತಪ್ಪೂ ಕಾಣದೆ ಹೋಗುತ್ತಿತ್ತು. 2021ರ ಕೊನೆಗೆ ಸೆಲೆನಿಯಂ ಹಿಡಿದೆ. ನಾವು ಬರೆದುಕೊಟ್ಟ ಹಾಗೆ ಬ್ರೌಸರನ್ನು ತಾನೇ ತೆರೆದು, ಗುಂಡಿ ಒತ್ತಿ, ಅಂಕಿ ತುಂಬಿ ನೋಡುವ ಸಲಕರಣೆ ಅದು.

2004ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು, ಕಾಸು ಕೊಡಬೇಕಿಲ್ಲ. ಪರೀಕ್ಷೆಯ ಹೆಜ್ಜೆಗಳನ್ನು ನಾನು ಬರೆಯುವುದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ. ಈಗ 180 ಪರೀಕ್ಷೆಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಒಮ್ಮೆ ಪೈಸೆ ರೌಂಡ್ ಆಫ್ ಮಾಡುವ ಸೂತ್ರ ಬದಲಾಗಿ ಹಳೆ ಬಿಲ್ಲುಗಳ ಮೊತ್ತ ಒಂದು ರೂಪಾಯಿ ಏರಿತ್ತು. ಅವತ್ತೇ ಸಂಜೆ ಸಿಕ್ಕಿಬಿತ್ತು. ಕೈಯಲ್ಲಿ ನೋಡುವಾಗ ಆ ಒಂದು ರೂಪಾಯಿ ನನಗೆ ಖಂಡಿತ ಕಾಣುತ್ತಿರಲಿಲ್ಲ.

ಆದರೆ ಮೊದಲ ಮೂರು ತಿಂಗಳು ಲಾಭಕ್ಕಿಂತ ದುಡಿತವೇ ಜಾಸ್ತಿ. ಪುಟ ತೆರೆಯುವುದು ತುಸು ತಡವಾದರೂ ಪರೀಕ್ಷೆ ಕೆಂಪಾಗುತ್ತಿತ್ತು (ಅಂದರೆ ಫೇಲ್), ಮತ್ತೆ ಓಡಿಸಿದರೆ ಹಸಿರು (ಪಾಸ್). ಎಲ್ಲ ಕಡೆ ಐದೈದು ಸೆಕೆಂಡ್ ಸುಮ್ಮನೆ ಕಾಯಿಸುವ ಸ್ಲೀಪ್ ಹಾಕಿದ್ದು ನನ್ನ ದೊಡ್ಡ ತಪ್ಪು. ಬೇಕಾದ ಗುಂಡಿ ಕಾಣುವ ತನಕ ಮಾತ್ರ ಕಾಯುವ ಎಕ್ಸ್‌ಪ್ಲಿಸಿಟ್ ವೇಟ್ ಕಲಿತ ಮೇಲೆ ಅದು ಹತೋಟಿಗೆ ಬಂತು. ಪುಟದಲ್ಲಿ ಗುಂಡಿ ಎಲ್ಲಿದೆ ಅಂತ ದಾರಿ ಹೇಳುವ ಉದ್ದುದ್ದ ಎಕ್ಸ್‌ಪಾತ್ ಬರೆದಿದ್ದರಿಂದ ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಿದ ದಿನ ನಲವತ್ತು ಪರೀಕ್ಷೆ ಒಟ್ಟಿಗೆ ಬಿದ್ದವು. ಈಗ ಪ್ರತಿ ಗುಂಡಿಗೂ ಅದರದ್ದೇ ಹೆಸರು, ಅಂದರೆ ಐಡಿ ಕೊಡಿ ಅಂತ ಡೆವಲಪರ್‌ಗಳ ಬೆನ್ನು ಹತ್ತುತ್ತೇನೆ. ಬ್ರೌಸರ್ ಅಪ್‌ಡೇಟ್ ಆದಾಗಲೆಲ್ಲ ಅದಕ್ಕೂ ಸೆಲೆನಿಯಂಗೂ ಕೊಂಡಿಯಾದ ಡ್ರೈವರ್ ಹುಡುಕುವ ಕಾಟ ಮಾತ್ರ 4.6 ಆವೃತ್ತಿಯಲ್ಲಿ ಬಂದ, ಡ್ರೈವರನ್ನು ತಾನೇ ತಂದುಕೊಳ್ಳುವ ಸೆಲೆನಿಯಂ ಮ್ಯಾನೇಜರ್‌ನಿಂದ ತಪ್ಪಿತು.

ನನ್ನನ್ನು ನಿಜಕ್ಕೂ ಅಲ್ಲಾಡಿಸಿದ್ದು ಒಂದು ಚೀಟಿ. ಎಲ್ಲ ಹಸಿರು ಬಂದಿದ್ದ ಆವೃತ್ತಿ ಹೋದ ಮರುದಿನ ಮಂಡಿಯ ಗುಮಾಸ್ತರೊಬ್ಬರು ಫೋಟೊ ಕಳಿಸಿದರು. ಪಿಡಿಎಫ್‌ನಲ್ಲಿ ಅರ್ಕಾವತ್ತು ಬಿಚ್ಚಿಹೋಗಿ ‘ವರ್ತಕರು’ ಅನ್ನುವುದು ‘ವರ್‌ತಕರು’ ಆಗಿತ್ತು, ರೈತರ ಹೆಸರುಗಳದ್ದೂ ಅದೇ ಗತಿ. ನನ್ನ ಪರೀಕ್ಷೆ ಹೋಲಿಸಿದ್ದು ಪುಟದೊಳಗಿನ ಯೂನಿಕೋಡ್ ಸಂಕೇತಗಳನ್ನು, ಅಂದರೆ ಅಕ್ಷರಗಳಿಗೆ ಕಂಪ್ಯೂಟರ್‌ನಲ್ಲಿರುವ ಸಂಖ್ಯೆಗಳನ್ನು. ಅವು ಸರಿಯಾಗಿಯೇ ಇದ್ದವು. ಕಾಗದದ ಮೇಲೆ ಅಕ್ಷರ ಹೇಗೆ ಕೂತಿದೆ ಅಂತ ನೋಡು ಎಂದು ನಾನು ಅದಕ್ಕೆ ಹೇಳಿರಲೇ ಇಲ್ಲ. ಚೀಟಿ ಕೈಗೆ ಬಂದಾಗ ರೈತ ಮೊದಲು ನೋಡುವುದು ತನ್ನ ಹೆಸರನ್ನು. ಅವತ್ತಿನಿಂದ ಪ್ರತಿ ಸಲ ಒಂದು ಬಿಲ್ ಪ್ರಿಂಟ್ ತೆಗೆದು ಕಣ್ಣಾರೆ ಓದುತ್ತೇನೆ.

5ಕ್ಕೆ 4 ಅಂಕ. ಪರದೆ ವಾರವಾರ ಬದಲಾಗುವ ಹೊಸ ಸಾಫ್ಟ್‌ವೇರ್‌ಗೆ ಈಗಲೇ ಹಚ್ಚಬೇಡಿ, ರಿಪೇರಿಯಲ್ಲೇ ದಿನ ಕಳೆಯುತ್ತದೆ. ಲೆಕ್ಕ ಗಟ್ಟಿಯಾಗಿ ನಿಂತಿರುವ ಕಡೆ ಧೈರ್ಯವಾಗಿ ಹಚ್ಚಿ. ಉಳಿದ ಹೊತ್ತಿನಲ್ಲಿ ನಾನು ಮಂಡಿಗೆ ಹೋಗಿ ಗುಮಾಸ್ತರ ಪಕ್ಕ ಕೂರುತ್ತೇನೆ. ಅವರು ಮೌಸ್ ಮುಟ್ಟುವುದೇ ಇಲ್ಲ, ಬರೀ ಎಂಟರ್ ಒತ್ತುತ್ತಾ ಬಿಲ್ ಮುಗಿಸುತ್ತಾರೆ. ಎಂಟರ್ ಒತ್ತಿದರೆ ಕರ್ಸರ್ ತೂಕದಿಂದ ನೇರ ದಲಾಲಿಗೆ ಹಾರಿ, ಹಮಾಲಿ ಖಾಲಿ ಉಳಿಯುತ್ತಿದ್ದದ್ದು ಗೊತ್ತಾಗಿದ್ದು ಅಲ್ಲೇ.