ನಡುನೋವಿನ ಮೂಲ ಹುಡುಕಿದ ಹುಬ್ಬಳ್ಳಿಯ ಬೆನ್ನುಮೂಳೆ ವಿಭಾಗ

2021ರ ಮೇ ತಿಂಗಳಲ್ಲಿ ಕೊರೋನಾದಿಂದ ಚೇತರಿಸಿಕೊಂಡು ಅಣ್ಣಿಗೇರಿಗೆ ಮರಳಿದ್ದ ನಮ್ಮ ತಂದೆಯವರು ಎರಡು ತಿಂಗಳ ಬಳಿಕ ‘ನಡಾ ಹಿಡದೈತಿ’ ಎಂದು ಹಾಸಿಗೆ ಹಿಡಿದರು. ಮೊದಲು ತೋರಿಸಿದ ವೈದ್ಯರು ಎಕ್ಸ್‌ರೇ ನೋಡಿ, ಮೂಳೆ ಸವೆತವೆಂದು ನೋವಿನ ಗುಳಿಗೆಯಲ್ಲೇ ಆರು ವಾರ ಕಳೆದರು. ಮಲಗಿದರೂ ತಗ್ಗದ, ರಾತ್ರಿಯೇ ಹೆಚ್ಚುವ ನೋವು ಸವೆತದ್ದಾಗಿರಲಾರದೆಂಬ ಸಂಶಯ ನಮಗೂ ಬರಲಿಲ್ಲ. ಆನಂತರ ಹೋದದ್ದು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಬೆನ್ನುಮೂಳೆ ವಿಭಾಗಕ್ಕೆ.

ಎಂಆರ್‌ಐನಲ್ಲಿ ಸೊಂಟದ ಎರಡು ಕಶೇರುಗಳಿಗೂ (ಬೆನ್ನುಮೂಳೆಯ ಮಣಿಗಳು) ನಡುವಿನ ಮೆತ್ತೆಯಂಥ ಡಿಸ್ಕಿಗೂ ಸೋಂಕು ತಗುಲಿರುವುದು ಕಂಡಿತು. ಇಂಥ ಚಿತ್ರ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಮಾದರಿ ತೆಗೆಯದೆಯೇ ಕ್ಷಯದ ಮಾತ್ರೆ ಶುರುಮಾಡುವುದೂ ಉಂಟು. ಇಲ್ಲಿನ ವೈದ್ಯರು ಮಾತ್ರ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತಾವೇ ಓದಿ, ರೋಗಿಗೆ ಮಧುಮೇಹವಿರುವುದನ್ನೂ ಕೊರೋನಾ ವೇಳೆ ಸ್ಟಿರಾಯ್ಡ್ ಕೊಟ್ಟಿರುವುದನ್ನೂ ಗುರುತಿಸಿ (ಎರಡೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಶಿಲೀಂಧ್ರಕ್ಕೆ ದಾರಿ ಮಾಡಿಕೊಡುವಂಥವು), ಸಿಟಿ ಸ್ಕ್ಯಾನ್‌ನ ನೆರವಿನಿಂದ ಸೂಜಿ ಹಾಕಿ ಮೂಳೆಯ ತುಣುಕು ತೆಗೆಸಿ, ಬ್ಯಾಕ್ಟೀರಿಯಾ, ಕ್ಷಯ, ಶಿಲೀಂಧ್ರ ಈ ಮೂರಕ್ಕೂ ಪ್ರತ್ಯೇಕವಾಗಿ ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಬಂದದ್ದು ಆಸ್ಪರ್ಜಿಲಸ್ ಎಂಬ ಶಿಲೀಂಧ್ರ. ಆಗ ಊರೆಲ್ಲ ಮಾತಾಡುತ್ತಿದ್ದ ಕಪ್ಪು ಶಿಲೀಂಧ್ರ ಇದಲ್ಲ. ಅದು ಮ್ಯೂಕರ್ ಗುಂಪಿನದು, ನಮಗೆ ಬರೆದುಕೊಟ್ಟ ಶಿಲೀಂಧ್ರನಾಶಕ ಗುಳಿಗೆ ವೊರಿಕೊನಜೋಲ್ ಅದರ ಮೇಲೆ ನಡೆಯುವುದೇ ಇಲ್ಲ. ತುಣುಕು ತೆಗೆಸದೆ ಊಹೆಯ ಮೇಲೆ ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತೋ!

ಔಷಧಿ ಕೌಂಟರಿನ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ದಿನಕ್ಕೆ ಎರಡು ಬಾರಿ 200 ಮಿಲಿಗ್ರಾಂನಂತೆ ಆರು ತಿಂಗಳು ನುಂಗಬೇಕಿದ್ದ ಈ ದುಬಾರಿ ಗುಳಿಗೆಯನ್ನು ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಒಂದು ಗಂಟೆ ನಂತರ ತೆಗೆದುಕೊಳ್ಳಬೇಕು; ಅವರು ಲಕೋಟೆಯ ಮೇಲೆ ‘ಊಟವಾದ ತಕ್ಷಣ’ ಎಂದು ಗೀಚಿ ಕೊಟ್ಟರು. ದೀಪದ ಬೆಳಕು ವಿಚಿತ್ರವಾಗಿ ಕಾಣಬಹುದು, ಬಿಸಿಲಿಗೆ ಚರ್ಮ ಬೇಗ ಸುಡಬಹುದು ಎಂದೂ ಯಾರೂ ಹೇಳಲಿಲ್ಲ. ಎರಡೂ ಆದವು, ತಂದೆಯವರು ಕಣ್ಣೇ ಹೋಯಿತೆಂದು ಹೆದರಿದರು. ವೈದ್ಯರು ಯಕೃತ್ತಿನ ಪರೀಕ್ಷೆಯನ್ನೂ ಉರಿಯೂತ ಎಷ್ಟಿದೆಯೆಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯನ್ನೂ ತಪ್ಪದೆ ಮಾಡಿಸಿದರು, ಆದರೆ ರಕ್ತದಲ್ಲಿ ಔಷಧಿಯ ಮಟ್ಟ ಅಳೆಯಲು ಮಾದರಿಯನ್ನು ಹೊರಗೆ ಕಳಿಸಿ ಎಂಟು ದಿನ ಕಾಯಬೇಕಾಯಿತು.

ತಂದೆಯವರು ಈಗ ಹೊಲದ ಬದುವಿನವರೆಗೆ ನಡೆಯುತ್ತಾರೆ, ಭಾರ ಎತ್ತುವಂತಿಲ್ಲ. ಹೋಗುವವರು ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತಪ್ಪದೆ ಒಯ್ಯಿರಿ. ಬೆಳಿಗ್ಗೆ ಒಂಬತ್ತರೊಳಗೆ ಹೆಸರು ಹಚ್ಚದಿದ್ದರೆ ಮಧ್ಯಾಹ್ನ ಮೂರಾದರೂ ಪಾಳಿ ಬರುವುದಿಲ್ಲ.