ಟ್ಯಾಪೆಟ್ ಕವರ್ ಲೀಕ್: ಕಾರ್ಕ್, ರಬ್ಬರ್, ಸಿಲಿಕೋನ್ ಮೂರನ್ನೂ ಹಾಕಿ ನೋಡಿದೆ

ಎಂಜಿನ್‌ಗೆ ಕೈ ಹಾಕಿ ಕಲಿಯಬೇಕು ಅನ್ನುವವರಿಗೆ ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ತಲೆಯ ಮೇಲೆ ವಾಲ್ವ್‌ಗಳನ್ನು ಮುಚ್ಚುವ ಮುಚ್ಚಳ, ಒಳ್ಳೆಯ ಜಾಗ. ಕಾರಿನ ಅಡಿಗೆ ನುಗ್ಗಿ ಮಲಗಬೇಕಿಲ್ಲ. ನನ್ನದು ಕಾರ್ಬ್ಯುರೇಟರ್ ಕಾಲದ ಮಾರುತಿ 800: ಮೂರು ಸಿಲಿಂಡರ್, 796 ಸಿಸಿ. ವಯಸ್ಸಾದರೆ ಯಾವ ಕಾರಿನಲ್ಲಾದರೂ ಈ ಕವರಿನ ಅಡಿ ಆಯಿಲ್ ತಡೆಯುವ ಪ್ಯಾಕಿಂಗ್ (ಗ್ಯಾಸ್ಕೆಟ್) ಗಟ್ಟಿಯಾಗಿ ಆಯಿಲ್ ಬಿಡುತ್ತದೆ. ಅದು ಬಿಸಿ ಎಗ್ಸಾಸ್ಟ್ ಮೇಲೆ ಬಿದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರ್ಕ್, ರಬ್ಬರ್, ಸಿಲಿಕೋನ್ ಮೂರೂ ಸಿಗುತ್ತವೆ. ಕಾರ್ಕ್ ಅಗ್ಗ. ಕವರಿನ ಅಂಚು ಸ್ವಲ್ಪ ಬಾಗಿದ್ದರೂ ಹೊಂದಿಕೊಂಡು ಕೂರುತ್ತದೆ. ಆದರೆ ಬೋಲ್ಟ್ ಒಂಚೂರು ಜಾಸ್ತಿ ಬಿಗಿದರೆ ಹೊರಗೆ ಉಬ್ಬಿ ಸೀಳುತ್ತದೆ. ಎಂಜಿನ್ ಕಾದು ತಣಿದು ಕಾದು ತಣಿದು ಅದು ಕುಗ್ಗುತ್ತದೆ, ಮತ್ತೆ ಸ್ಪ್ಯಾನರ್ ಹಿಡಿಯಬೇಕು. ಬಿಚ್ಚುವಾಗಿನ ಕಥೆ ಇನ್ನೂ ಕಷ್ಟ. ಹಳೇ ಕಾರ್ಕ್ ಒಣಗಿದ ಹಪ್ಪಳದ ಹಾಗೆ ಪುಡಿಯಾಗಿ ಹೆಡ್‌ಗೆ (ಕವರ್ ಕೂರುವ ಎಂಜಿನ್ ಮೇಲ್ಭಾಗಕ್ಕೆ) ಅಂಟಿರುತ್ತದೆ. ಕೆರೆಯುವಾಗ ಚೂರು ಒಳಗೆ ಬೀಳದಂತೆ ಬಟ್ಟೆ ತುರುಕಿಕೊಳ್ಳಬೇಕು.

ಟ್ಯೂಬಿನಲ್ಲಿ ಬರುವ ಸಿಲಿಕೋನ್ ಪೇಸ್ಟ್ ನೋಡಿದರೆ ಆಸೆಯಾಗುತ್ತದೆ. ಹಚ್ಚು, ಮುಚ್ಚು, ಮುಗೀತು, ಅಲ್ವಾ? ಅಲ್ಲ. ಕವರ್, ಹೆಡ್ ಎರಡರ ಅಂಚಿನಲ್ಲೂ ಎಣ್ಣೆಯ ಪಸೆ ಇರಬಾರದು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ಅಷ್ಟು ಹೊತ್ತು ಕಾರು ನಿಂತೇ ಇರಬೇಕು. ಹೊರಗೆ ಹಿಂಡಿಕೊಂಡು ಬಂದ ಪೇಸ್ಟ್ ನಮಗೆ ಕಾಣುತ್ತದೆ. ಅಷ್ಟೇ ಪೇಸ್ಟ್ ಒಳಗೂ ಹಿಂಡಿಕೊಂಡಿರುತ್ತದಲ್ಲ, ಅದರ ಚೂರು ಕಿತ್ತು ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದರೆ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳಬಹುದು. ಹತ್ತು ಹನಿ ಲೀಕ್ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ಅಪಾಯಕ್ಕೆ ಒಡ್ಡುವುದು ನನಗಂತೂ ಬೇಡ.

ನನ್ನ ಓಟು ರಬ್ಬರಿಗೆ. ಬೆಲೆ ಕಾರ್ಕ್‌ಗಿಂತ ಜಾಸ್ತಿ, ಬಾಗಿದ ಅಂಚನ್ನು ಅದು ಕ್ಷಮಿಸುವುದಿಲ್ಲ. ಅದಕ್ಕೇ ಕವರನ್ನು ಮೊದಲು ಗಾಜಿನ ಮೇಲೆ ಮಗುಚಿಟ್ಟು ಸಂದಿ ಇದೆಯಾ ನೋಡಿ. ಆದರೆ ಬಿಚ್ಚಿದಾಗ ರಬ್ಬರ್ ಇಡಿಯಾಗಿ ಎದ್ದು ಬರುತ್ತದೆ. ನಮ್ಮಂಥ ಹವ್ಯಾಸಿಗಳಿಗೆ ಇದೇ ದೊಡ್ಡ ಲಾಭ. ಗ್ಯಾರೇಜಿನವರು ಒಮ್ಮೆ ಮುಚ್ಚಿದರೆ ಮುಗಿಯಿತು. ನಾವು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ವಾಲ್ವ್ ಸಂದು ನೋಡಬೇಕು ಅಂತ ಸುಮ್ನೆ ಮತ್ತೆ ಮತ್ತೆ ಬಿಚ್ಚುತ್ತೇವೆ. ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಣ್ಣ ಹಿಡಿಯ ಸ್ಪ್ಯಾನರ್ ಸಾಕು, ಉದ್ದನೆಯದನ್ನು ದೂರ ಇಡಿ.

ಯಾವ ಪ್ಯಾಕಿಂಗ್ ಕೊಳ್ಳುವ ಮೊದಲೂ ಬ್ರೀದರ್ ಪೈಪ್ (ಎಂಜಿನ್ ಒಳಗಿನ ಆವಿ ಹೊರಹೋಗುವ ಕೊಳವೆ) ಕಳಚಿ ನೋಡಿ. ಅದು ಜಿಡ್ಡು ಕಟ್ಟಿದ್ದರೆ ಒಳಗಿನ ಒತ್ತಡ ಹೆಚ್ಚಿ, ಹೊಸ ಪ್ಯಾಕಿಂಗ್ ಪಕ್ಕದಿಂದಲೂ ಆಯಿಲ್ ಹೊರಗೆ ತಳ್ಳುತ್ತದೆ.