ಜಾರ್ ಫೈಲ್ ಎಲ್ಲಿಡಬೇಕು? ಆ್ಯಪ್ ಒಳಗೋ, ಟಾಮ್‌ಕ್ಯಾಟ್‌ನ ಲಿಬ್‌ನಲ್ಲೋ?

ಕಾಸರಗೋಡಿನ ಒಂದು ಅಡಿಕೆ ಕಚೇರಿಯಲ್ಲಿ ಎರಡು ಆ್ಯಪ್ ನೋಡಿಕೊಳ್ಳುತ್ತೇನೆ. ಒಂದು ಕನ್ನಡ ರಶೀದಿಗೆ, ಇನ್ನೊಂದು ಮಲಯಾಳ ರಶೀದಿಗೆ. ಎರಡೂ ಒಂದೇ ಟಾಮ್‌ಕ್ಯಾಟ್‌ನಲ್ಲಿ (ಜಾವಾ ವೆಬ್ ಆ್ಯಪ್ ಓಡಿಸುವ ಸರ್ವರ್) ಓಡುತ್ತವೆ. ಪಿಡಿಎಫ್ ಲೈಬ್ರರಿಯ ಜಾರ್ (ಜಾವಾ ಕೋಡ್ ಕಟ್ಟಿಟ್ಟ ಫೈಲ್) ಎರಡಕ್ಕೂ ಬೇಕಲ್ವಾ ಅಂತ ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿಗೇ ಹಾಕಿದ್ದೆ. ಕನ್ನಡದ್ದಕ್ಕೆ ಹೊಸ ಆವೃತ್ತಿ ಬೇಕಾಯಿತು, ಬದಲಿಸಿದೆ. ಮರುದಿನ ಮಲಯಾಳ ರಶೀದಿ ನಿಂತೇ ಹೋಗಿತ್ತು. ಲಾಗ್ ತುಂಬಾ ‘ನೋಸಚ್‌ಮೆಥಡ್‌ಎರರ್’, ಅಂದರೆ ಕರೆದ ಮೆಥಡ್ ಲೈಬ್ರರಿಯಲ್ಲಿ ಇಲ್ಲ ಅನ್ನುವ ದೋಷ.

ಆಯಾ ಆ್ಯಪ್‌ನ ವೆಬ್-ಇನ್ಫ್ ಫೋಲ್ಡರ್ ಒಳಗಿನ ಲಿಬ್‌ನಲ್ಲಿಟ್ಟರೆ ಈ ಜಗಳವೇ ಇಲ್ಲ. ಒಂದು ಕ್ಲಾಸ್ (ಜಾವಾ ಕೋಡ್‌ನ ಘಟಕ) ಬೇಕಾದಾಗ ಟಾಮ್‌ಕ್ಯಾಟ್ ಸಾಮಾನ್ಯವಾಗಿ ಮೊದಲು ಆ್ಯಪ್‌ನ ಕ್ಲಾಸಸ್ ಫೋಲ್ಡರ್ ನೋಡುತ್ತದೆ. ಆಮೇಲೆ ಆ್ಯಪ್‌ನ ಲಿಬ್. ಅಲ್ಲೂ ಸಿಗದಿದ್ದರೆ ಮಾತ್ರ ತನ್ನ ಲಿಬ್. ಜಾವಾದ ಮೂಲ ಕ್ಲಾಸುಗಳಿಗೂ ಟಾಮ್‌ಕ್ಯಾಟ್ ತಾನೇ ಕೊಡುವ ಸರ್ವ್‌ಲೆಟ್ ಎಪಿಐಗೂ (ವೆಬ್ ಕೋರಿಕೆ ನಿಭಾಯಿಸುವ ಜಾವಾ ಕ್ಲಾಸುಗಳು) ಈ ಕ್ರಮ ಇಲ್ಲ, ಅದಕ್ಕೇ ಸರ್ವ್‌ಲೆಟ್ ಜಾರ್ ಅನ್ನು ಸುಮ್ನೆ ವಾರ್ (ಇಡೀ ಆ್ಯಪ್ ಕಟ್ಟಿಟ್ಟ ಫೈಲ್) ಒಳಗೆ ತುಂಬಬೇಡಿ. ಪ್ರತಿ ಆ್ಯಪ್ ತನ್ನದೇ ಪ್ರತಿ ಲೋಡ್ ಮಾಡುವುದರಿಂದ ಮೆಮೊರಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಹೋಗಲಿ ಬಿಡಿ, ನೆಮ್ಮದಿ ಇದೆ.

ಹಾಗಾದರೆ ಟಾಮ್‌ಕ್ಯಾಟ್‌ನ ಲಿಬ್ ಯಾಕೆ? ಡೇಟಾಬೇಸ್ ಡ್ರೈವರಿಗೆ (ಡೇಟಾಬೇಸ್ ಜೊತೆ ಮಾತಾಡಿಸುವ ಜಾರ್). ಕನೆಕ್ಷನ್ ಪೂಲ್ ಅನ್ನು (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳು) ಟಾಮ್‌ಕ್ಯಾಟ್ ನಡೆಸುವುದಾದರೆ ಡ್ರೈವರ್ ಅಲ್ಲೇ ಇರಬೇಕು. ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿ.

ಒಂದೇ ಜಾರ್ ಎರಡೂ ಕಡೆ ಮಾತ್ರ ಬೇಡ. ಆ್ಯಪ್‌ಗೂ ಟಾಮ್‌ಕ್ಯಾಟ್‌ನ ಲಿಬ್‌ಗೂ ಬೇರೆ ಬೇರೆ ಲೋಡರ್ (ಕ್ಲಾಸ್ ಲೋಡ್ ಮಾಡುವ ಭಾಗ) ಇರುತ್ತದೆ; ಎರಡು ಲೋಡರ್‌ಗಳಿಂದ ಬಂದ ಒಂದೇ ಹೆಸರಿನ ಕ್ಲಾಸ್ ಜಾವಾಕ್ಕೆ ಬೇರೆ ಬೇರೆಯೇ. ಆಗ ಬರುವ ‘ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್’ (ಇದು ಆ ಕ್ಲಾಸ್ ಅಲ್ಲ ಅನ್ನುವ ದೋಷ) ಯಾಕೆ ಅಂತ ಹುಡುಕಲು ದಿನವೇ ಬೇಕು.